ಹಕ್ಕಿ ಜ್ವರದ ವೈರಸ್ ಮೇಲೆ ಕಣ್ಣಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾ ಮುಗಿದ ಮೇಲೆ ಎಲ್ಲರಲ್ಲೂ ಒಂದೇ ಪ್ರಶ್ನೆ: ಮುಂದಿನದು ಯಾವುದು, ಬರುವ ಮೊದಲೇ ಗೊತ್ತಾಗುತ್ತದಾ? ವಿಜ್ಞಾನಿಗಳು ಹತ್ತಾರು ವೈರಸ್‌ಗಳನ್ನು ಗಮನಿಸುತ್ತಿದ್ದಾರೆ. ಅವೆಲ್ಲವನ್ನೂ ಇಲ್ಲಿ ಹೇಳಹೊರಟರೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಹಾಗಾಗಿ ಅತಿ ಹೆಚ್ಚು ಕಾಲದಿಂದ, ಅತಿ ಹೆಚ್ಚು ಜನ ಕಾವಲು ಕಾಯುತ್ತಿರುವ ಒಂದನ್ನೇ ಹಿಡಿದುಕೊಂಡಿದ್ದೇವೆ: ಹಕ್ಕಿ ಜ್ವರದ ಎಚ್5ಎನ್1.

ಇಷ್ಟೊಂದು ವೈರಸ್‌ಗಳಿರುವಾಗ ಹಕ್ಕಿ ಜ್ವರದ ಮೇಲೇ ಯಾಕೆ ಇಷ್ಟು ಕಣ್ಣು?

ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಜಗತ್ತಿಗೆಲ್ಲ ಹಬ್ಬಿದ ಫ್ಲೂ ನಾಲ್ಕು ಸಲ ಬಂದಿದೆ: 1918, 1957, 1968 ಮತ್ತು 2009. ನಾಲ್ಕರಲ್ಲೂ ವೈರಸ್ಸಿನ ಕೆಲವು ಭಾಗವಾದರೂ ಹಿಂದೊಮ್ಮೆ ಹಕ್ಕಿಗಳಿಂದ ಬಂದದ್ದೇ. ಅಂದರೆ ಈ ಕುಟುಂಬ ಮನುಷ್ಯರೊಳಗೆ ದಾರಿ ಹುಡುಕಿಕೊಳ್ಳಬಲ್ಲದು ಎಂಬುದು ಊಹೆಯಲ್ಲ, ಆಗಿಹೋದ ಸಂಗತಿ.

ಇನ್ನೊಂದು ಕಾರಣ ಫ್ಲೂ ವೈರಸ್ಸಿನ ರಚನೆ. ಅದರ ಜೀನುಗಳು ಒಂದೇ ದಾರದಲ್ಲಿಲ್ಲ, ಎಂಟು ತುಂಡುಗಳಲ್ಲಿವೆ. ಎರಡು ಬೇರೆ ಬೇರೆ ಫ್ಲೂ ವೈರಸ್‌ಗಳು ಒಂದೇ ಪ್ರಾಣಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ, ಎರಡು ಇಸ್ಪೀಟು ಕಟ್ಟು ಕಲಸಿದ ಹಾಗೆ ತುಂಡುಗಳು ಅದಲುಬದಲಾಗುತ್ತವೆ. ಹೊರಬರುವುದು ಹೊಸದೇ ಒಂದು ವೈರಸ್. ಹಂದಿಗಳಿಗೆ ಹಕ್ಕಿಯ ಫ್ಲೂ ಕೂಡ ತಗಲುತ್ತದೆ, ಮನುಷ್ಯರ ಫ್ಲೂ ಕೂಡ ತಗಲುತ್ತದೆ. ತಜ್ಞರು ಹಂದಿ ಸಾಕಣೆಯ ಮೇಲೂ ಕಣ್ಣಿಡುವುದು ಇದಕ್ಕೇ.

ಎಚ್5, ಎನ್1 ಅಂದರೇನು? ಕ್ಲೇಡ್ ಎಂದೂ ಓದಿದ್ದೇವೆ.

ಎಚ್ ಮತ್ತು ಎನ್ ವೈರಸ್ಸಿನ ಮೈಮೇಲಿರುವ ಎರಡು ಪ್ರೋಟೀನ್‌ಗಳು. ಎಚ್ ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗಲು, ಎನ್ ಹೊರಗೆ ಬಿಡಿಸಿಕೊಂಡು ಬರಲು. ಇವುಗಳಲ್ಲಿ ಹಲವು ಬಗೆಗಳಿವೆ, ಆ ಬಗೆಗೇ ಈ ನಂಬರ್.

ಕ್ಲೇಡ್ ಎಂದರೆ ಅದೇ ಎಚ್5ರೊಳಗಿನ ವಂಶದ ಕವಲು. ಈಗ ಜಗತ್ತನ್ನು ಸುತ್ತುತ್ತಿರುವುದು 2.3.4.4ಬಿ ಎಂಬ ಕವಲು. ಭಾರತ, ಬಾಂಗ್ಲಾದೇಶದ ಕಡೆ ಬಹಳ ಕಾಲದಿಂದ ಕಾಣಿಸಿಕೊಳ್ಳುವ ಕವಲು ಬೇರೆ, ಅದು 2.3.2.1ಎ. ಪತ್ರಿಕೆಯಲ್ಲಿ ಎರಡಕ್ಕೂ ಎಚ್5ಎನ್1 ಎಂದೇ ಬರೆಯುತ್ತಾರೆ. ಆದರೆ ತಜ್ಞರಿಗೆ ಇವೆರಡೂ ಒಂದೇ ಅಲ್ಲ. ಒಂದಕ್ಕೆ ತಯಾರಿಸಿದ ಲಸಿಕೆ ಇನ್ನೊಂದಕ್ಕೆ ಅಷ್ಟಾಗಿ ಒದಗದೇ ಇರಬಹುದು.

ಈ ಕಾವಲು ಶುರುವಾದದ್ದು ಯಾವಾಗ?

ಫ್ಲೂ ಮೇಲಿನ ಕಾವಲು ಹಳೆಯದು. ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲೇ ಅದಕ್ಕೊಂದು ಜಾಲ ಕಟ್ಟಿತು. ಎಚ್5ಎನ್1 ಕಥೆ ಶುರುವಾಗುವುದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನ ಒಂದು ಹೆಬ್ಬಾತು ಫಾರಂನಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರು ವರ್ಷದ ಮಗುವೊಂದು ಜ್ವರದಿಂದ ತೀರಿಕೊಂಡಿತು. ಸ್ಯಾಂಪಲ್‌ನಲ್ಲಿ ಫ್ಲೂ ಇದೆ ಎಂದು ಗೊತ್ತಾಯಿತು, ಯಾವ ಬಗೆ ಎಂದು ಗೊತ್ತಾಗಲಿಲ್ಲ. ಮನುಷ್ಯರ ಫ್ಲೂ ಗುರುತಿಸುವ ಸಾಮಗ್ರಿಯಿಂದ ಅದು ಸಿಗಲೇ ಇಲ್ಲ. ಹೊರದೇಶದ ಲ್ಯಾಬ್‌ಗಳಿಗೆ ಕಳಿಸಿದರು. ಅದು ಎಚ್5ಎನ್1 ಎಂದು ತಿಳಿದಾಗ ಆಗಸ್ಟ್ ಆಗಿತ್ತು.

ವರ್ಷದ ಕೊನೆಗೆ ಒಟ್ಟು 18 ಜನಕ್ಕೆ ಸೋಂಕು ತಗುಲಿ, 6 ಜನ ಸತ್ತರು. ಆಗ ಹಾಂಗ್‌ಕಾಂಗ್ ಆಡಳಿತ ತನ್ನಲ್ಲಿದ್ದ ಅಷ್ಟೂ ಕೋಳಿಗಳನ್ನು, ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು, ಕೆಲವೇ ದಿನಗಳಲ್ಲಿ ಕೊಲ್ಲಿಸಿತು. ಮನುಷ್ಯರಲ್ಲಿ ಸೋಂಕು ಅಲ್ಲಿಗೆ ನಿಂತಿತು. ಆ ನಿರ್ಧಾರ ಅತಿಯಾಯಿತು ಎಂದು ಆಗ ಹಲವರು ಬೈದಿದ್ದರು. ನನಗಂತೂ ಇಡೀ ಚರಿತ್ರೆಯಲ್ಲಿ ಅಷ್ಟು ಸರಿಯಾದ ಹೊತ್ತಿಗೆ ತೆಗೆದುಕೊಂಡ ಇನ್ನೊಂದು ನಿರ್ಧಾರ ನೆನಪಾಗುವುದಿಲ್ಲ.

ಈಗ ನೋಡಿಕೊಳ್ಳುತ್ತಿರುವವರು ಯಾರು?

ಮನುಷ್ಯರ ಕಡೆ ನೋಡುವುದು ಆ 1952ರ ಜಾಲವೇ. ಈಗ ಸುಮಾರು 130 ದೇಶಗಳ 150ಕ್ಕೂ ಹೆಚ್ಚು ಲ್ಯಾಬ್‌ಗಳು ಅದರಲ್ಲಿವೆ. ನಮ್ಮ ದೇಶದಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ. ಆಸ್ಪತ್ರೆಗಳಿಗೆ ಬರುವ ಜ್ವರ, ಕೆಮ್ಮಿನ ರೋಗಿಗಳಲ್ಲಿ ಕೆಲವರ ಗಂಟಲು, ಮೂಗಿನ ದ್ರವ ತೆಗೆದು ಪರೀಕ್ಷಿಸುತ್ತಾರೆ. ಮಾಮೂಲಿ ಫ್ಲೂ ಪಟ್ಟಿಗೆ ಸೇರದ ವೈರಸ್ ಸಿಕ್ಕರೆ ಅದು ಮೇಲಿನ ಲ್ಯಾಬ್‌ಗಳಿಗೆ ಹೋಗುತ್ತದೆ. ಅಟ್ಲಾಂಟಾ, ಲಂಡನ್, ಮೆಲ್ಬರ್ನ್, ಟೋಕಿಯೊ, ಬೀಜಿಂಗ್‌ಗಳಲ್ಲಿ ಅಂಥ ದೊಡ್ಡ ಕೇಂದ್ರಗಳಿವೆ. ಪ್ರಾಣಿಗಳ ಫ್ಲೂ ನೋಡಿಕೊಳ್ಳಲು ಅಮೆರಿಕದ ಮೆಂಫಿಸ್‌ನಲ್ಲಿ ಪ್ರತ್ಯೇಕ ಕೇಂದ್ರವಿದೆ.

ಪ್ರಾಣಿಗಳ ಕಡೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಇದೆ. ನಮ್ಮಲ್ಲಿ ಕೊನೆಯ ಮಾತು ಹೇಳುವುದು ಭೋಪಾಲ್‌ನ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿ ರೋಗ ಸಂಸ್ಥೆ.

ಇದಲ್ಲದೆ ಸುದ್ದಿಗಳನ್ನೇ ಸೋಸುವ ವ್ಯವಸ್ಥೆಯೂ ಇದೆ. 1994ರಲ್ಲಿ ಶುರುವಾದ ಪ್ರೋಮೆಡ್ ಎಂಬ ಇಮೇಲ್ ಸೇವೆ ಸ್ಥಳೀಯ ಪತ್ರಿಕೆ, ವೈದ್ಯರ ಮಾತು, ಗಾಳಿಸುದ್ದಿ ಎಲ್ಲವನ್ನೂ ತಜ್ಞರ ಕಣ್ಣಿಗೆ ಹಾಕಿ ಹಂಚುತ್ತದೆ. 2003ರ ಸಾರ್ಸ್ ಮತ್ತು 2019ರ ಕೊನೆಯ ವುಹಾನ್ ನ್ಯುಮೋನಿಯಾ ಎರಡರ ಸುಳಿವೂ ಜಗತ್ತಿಗೆ ಬೇಗನೆ ಸಿಕ್ಕಿದ್ದು ಅಲ್ಲಿಂದ.

ನಮ್ಮೂರಿನ ಫಾರಂನಲ್ಲಿ ಕೋಳಿ ಸತ್ತರೆ ಏನಾಗುತ್ತದೆ?

ಏನಾಗುತ್ತದೆ ಎನ್ನುವುದು ಮಾಲೀಕರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಪಶು ಆಸ್ಪತ್ರೆಗೆ ತಿಳಿಸಿದರೆ ವೈದ್ಯರು ಬಂದು ಸತ್ತ ಕೋಳಿ, ಗಂಟಲ ದ್ರವ, ಹಿಕ್ಕೆಯ ಸ್ಯಾಂಪಲ್ ತೆಗೆಯುತ್ತಾರೆ. ಕರ್ನಾಟಕದಲ್ಲಿ ಮೊದಲ ಪರೀಕ್ಷೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ಅನುಮಾನ ಬಂದರೆ ಭೋಪಾಲ್‌ಗೆ. ಅಲ್ಲಿ ಹೌದು ಎಂದರೆ ಸುತ್ತ 1 ಕಿಲೋಮೀಟರ್‌ವರೆಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಕೋಳಿ ಕೊಂದವರು, ಫಾರಂನಲ್ಲಿ ಕೆಲಸ ಮಾಡಿದವರಿಗೆ ಜ್ವರ ಬರುತ್ತದಾ ಎಂದು ಆರೋಗ್ಯ ಇಲಾಖೆ ಕೆಲವು ದಿನ ನೋಡುತ್ತದೆ.

ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಾಗ ಸಿಕ್ಕಿದ್ದು ಎಚ್5ಎನ್1. 2020ರ ಮಾರ್ಚ್‌ನಲ್ಲಿ, ಎಲ್ಲರೂ ಕೊರೊನಾ ಎಂದು ಹೆದರಿದ್ದಾಗಲೇ, ಮೈಸೂರಿನಲ್ಲೂ ದಾವಣಗೆರೆ ಜಿಲ್ಲೆಯಲ್ಲೂ ಹಕ್ಕಿ ಜ್ವರ ಬಂದಿತ್ತು. 2025ರಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಂತು.

ಈಗ ಕಷ್ಟದ ಮಾತು. ಹೇಳಿದರೆ ಕೋಳಿಯೆಲ್ಲ ಹೋಗುತ್ತದೆ. ಪರಿಹಾರ ಇದೆ, ಆದರೆ ಅದು ಕೈಗೆ ಬರುವಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿರುತ್ತದೆ. ಪಕ್ಕದ ಮನೆಯವರ ನಾಟಿ ಕೋಳಿಯೂ ಹೋಗಿ ಅವರ ಕೋಪವೂ ಸೇರುತ್ತದೆ. ಇಷ್ಟಾದ ಮೇಲೆ ಯಾರಾದರೂ ಸುಮ್ನೆ ಗುಂಡಿ ತೋಡಿ ಹೂತುಬಿಟ್ಟರೆ ಅವರನ್ನು ಬೈದು ಏನು ಪ್ರಯೋಜನ? ಪರಿಹಾರ ಬೇಗ ಕೊಡುವುದು ದಯೆಯ ಕೆಲಸ ಅಂತ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ನಿಗಾ ವ್ಯವಸ್ಥೆಯ ಅತಿ ಮುಖ್ಯ ಭಾಗ. ಕೋಟಿಗಟ್ಟಲೆ ಬೆಲೆಯ ಯಂತ್ರ ಇದ್ದರೂ ಬಾರದ ಸ್ಯಾಂಪಲ್ಲನ್ನು ಅದು ಓದಲಾರದು.

ಲ್ಯಾಬ್‌ನಲ್ಲಿ ವೈರಸ್ಸಿನ ಜೀನ್ ಓದಿ ಏನು ಹುಡುಕುತ್ತಾರೆ?

ಮೊದಲು ವಂಶ ನೋಡುತ್ತಾರೆ. ಹಿಂದೆ ಸಿಕ್ಕ ಯಾವ ವೈರಸ್ಸಿಗೆ ಇದು ಹತ್ತಿರ, ಎಲ್ಲಿಂದ ಬಂದಿರಬಹುದು, ತುಂಡುಗಳು ಅದಲುಬದಲಾಗಿವೆಯಾ ಎಂದು. ಆಮೇಲೆ ಕೆಲವು ಗೊತ್ತಾದ ಜಾಗಗಳನ್ನು ನೋಡುತ್ತಾರೆ.

ಅದರಲ್ಲಿ ಒಂದು, ವೈರಸ್ ನಕಲಾಗಲು ಬೇಕಾದ ಪಿಬಿ2 ಎಂಬ ಪ್ರೋಟೀನಿನ 627ನೇ ಜಾಗ. ಪ್ರೋಟೀನ್ ಎಂದರೆ ಅಮೈನೊ ಆಮ್ಲ ಎಂಬ ಮಣಿಗಳ ಸರ, ಜಾಗ ಎಂದರೆ ಎಷ್ಟನೇ ಮಣಿ ಎಂದು. ಹಕ್ಕಿಯ ವೈರಸ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ ಗ್ಲುಟಾಮಿಕ್ ಆಮ್ಲ ಎಂಬ ಮಣಿ ಇರುತ್ತದೆ. ಅದು ಲೈಸಿನ್ ಆಗಿ ಬದಲಾದರೆ ವೈರಸ್ ಸಸ್ತನಿಗಳ ಜೀವಕೋಶದಲ್ಲಿ ಚೆನ್ನಾಗಿ ನಕಲಾಗುತ್ತದೆ. ಹಕ್ಕಿಯ ಮೈ ಬಿಸಿ 40 ಡಿಗ್ರಿ ದಾಟುತ್ತದೆ, ನಮ್ಮ ಮೂಗಿನೊಳಗೆ ಅದಕ್ಕಿಂತ ಎಷ್ಟೋ ತಂಪು. ಆ ತಂಪಿನಲ್ಲೂ ಕೆಲಸ ಮಾಡಲು ಈ ಬದಲಾವಣೆ ನೆರವಾಗುತ್ತದೆ.

ಇನ್ನೊಂದು ಎಚ್ ಪ್ರೋಟೀನಿನ 226ನೇ ಜಾಗ. ಹಕ್ಕಿಯ ವೈರಸ್ ಅಂಟಿಕೊಳ್ಳುವ, ಜೀವಕೋಶದ ಮೇಲಿನ ಸಕ್ಕರೆ ಅಣುವಿನ ಬಗೆಯೇ ಬೇರೆ. ನಮ್ಮಲ್ಲಿ ಆ ಬಗೆ ಹೆಚ್ಚಾಗಿ ಶ್ವಾಸಕೋಶದ ಆಳದಲ್ಲಿ, ಕಣ್ಣಿನ ಹೊರಪದರದಲ್ಲಿ ಇದೆ. ಮೂಗು, ಗಂಟಲಲ್ಲಿ ಜಾಸ್ತಿ ಇರುವುದು ಇನ್ನೊಂದು ಬಗೆ. ಆದ್ದರಿಂದಲೇ ಎಚ್5ಎನ್1 ತಗುಲಿ ಕಾಯಿಲೆ ಬಿದ್ದವರಿಗೆ ಹೆಚ್ಚಾಗಿ ಒಂದೋ ಕಣ್ಣು ಕೆಂಪಾಗುತ್ತದೆ, ಇಲ್ಲವೇ ಕೆಟ್ಟ ನ್ಯುಮೋನಿಯಾ ಆಗುತ್ತದೆ, ಆದರೆ ಕೆಮ್ಮಿ ಸೀನಿ ಪಕ್ಕದವರಿಗೆ ಹಬ್ಬುವುದು ಅಪರೂಪ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ವಿಷಯ ಪ್ರಕಟಿಸಿದರು. ಅಲ್ಲಿನ ಹಸುಗಳಲ್ಲಿ ಹಬ್ಬಿದ್ದ (ಅದರ ಕಥೆ ಮುಂದಿದೆ) ತಳಿಯಲ್ಲಿ 226ನೇ ಜಾಗ ಒಂದು ಬದಲಾದರೂ ಎಚ್ ಪ್ರೋಟೀನ್ ಮನುಷ್ಯರ ಮೂಗು, ಗಂಟಲಲ್ಲಿರುವ ಬಗೆಯ ಸಕ್ಕರೆಗೆ ಅಂಟಿಕೊಳ್ಳಬಲ್ಲದು ಎಂದು. ಜೀವಂತ ವೈರಸ್ ಬಳಸದೆ, ಬರೀ ಪ್ರೋಟೀನ್ ಇಟ್ಟುಕೊಂಡು ಮಾಡಿದ ಪ್ರಯೋಗ ಅದು.

ಟ್ಯಾಮಿಫ್ಲೂ ಥರದ ಫ್ಲೂ ಔಷಧಿಗೆ ಬಗ್ಗದಂಥ ಬದಲಾವಣೆ ಇದೆಯಾ ಎಂದೂ ನೋಡುತ್ತಾರೆ.

ಹಾಗಾದರೆ ಅಂಥ ಬದಲಾವಣೆ ಕಂಡ ದಿನವೇ ಮಹಾಮಾರಿ ಶುರು ಅಂತಾನಾ?

ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 2024ರಲ್ಲಿ ಸೋಂಕಾದ ಮೊದಲ ಹೈನುಗಾರಿಕೆ ಕೆಲಸಗಾರನ ವೈರಸ್‌ನಲ್ಲಿ 627ನೇ ಜಾಗ ಬದಲಾಗಿತ್ತು. ಆತನಿಗೆ ಆದದ್ದು ಕಣ್ಣು ಕೆಂಪು, ಅಷ್ಟೇ. ಅದೇ ವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹದಿಹರೆಯದವರೊಬ್ಬರು ತೀವ್ರವಾಗಿ ಕಾಯಿಲೆ ಬಿದ್ದರು. ಅವರ ಸ್ಯಾಂಪಲ್‌ನಲ್ಲಿ 226ರ ಸುತ್ತಮುತ್ತಲೂ ಬದಲಾವಣೆಯ ಸುಳಿವಿತ್ತು. ಅವರು ಗುಣವಾದರು, ಅವರಿಂದ ಇನ್ನೊಬ್ಬರಿಗೆ ಹಬ್ಬಲಿಲ್ಲ. ಒಬ್ಬ ರೋಗಿಯೊಳಗೆ ಹುಟ್ಟಿದ ಬದಲಾವಣೆ ಹೆಚ್ಚಾಗಿ ಅವರೊಂದಿಗೇ ಮುಗಿಯುತ್ತದೆ. ಅದೇ ಬದಲಾವಣೆ ಮತ್ತೆ ಮತ್ತೆ, ಬೇರೆ ಬೇರೆ ಪ್ರಾಣಿಗಳಲ್ಲಿ, ಉಳಿದುಕೊಂಡು ಹಬ್ಬುತ್ತಿದ್ದರೆ ಆಗ ತಜ್ಞರಿಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ಓದುವುದರ ಜೊತೆ ಪ್ರಯೋಗವೂ ಬೇಕು. ಫ್ಲೂ ವಿಷಯದಲ್ಲಿ ಫೆರೆಟ್ ಎಂಬ ಸಣ್ಣ ಪ್ರಾಣಿ ಸುಮಾರಾಗಿ ನಮ್ಮಂತೆಯೇ. ಅದಕ್ಕೆ ಸೀನೂ ಬರುತ್ತದೆ. ಸೋಂಕಿರುವ ಫೆರೆಟ್‌ನ ಪಕ್ಕದ ಗೂಡಿನಲ್ಲಿ ಆರೋಗ್ಯವಂತ ಫೆರೆಟ್ ಇಟ್ಟು, ಮುಟ್ಟದೆ ಗಾಳಿಯಲ್ಲೇ ಹಬ್ಬುತ್ತದಾ ಎಂದು ನೋಡುತ್ತಾರೆ. 2012ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ರಾನ್ ಫೌಷಿಯೇ ಮತ್ತು ಜಪಾನ್ ಮೂಲದ ವಿಜ್ಞಾನಿ ಯೋಶಿಹಿರೊ ಕವಾವೊಕ ಅವರ ತಂಡಗಳು ಬೇಕೆಂದೇ ಬದಲಾಯಿಸಿದ ಎಚ್5 ವೈರಸ್ ಹೀಗೆ ಗಾಳಿಯಲ್ಲಿ ಹಬ್ಬಬಲ್ಲದು ಎಂದು ತೋರಿಸಿದವು. ಕೈಬೆರಳೆಣಿಕೆಯ ಬದಲಾವಣೆ ಸಾಕಾಗಿತ್ತು. ಇಂಥ ಪ್ರಯೋಗ ಮಾಡಬಹುದೇ ಎಂಬ ಜಗಳ ಆಗ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಯಾವ ಜಾಗಗಳನ್ನು ಗಮನಿಸಬೇಕು ಎಂಬ ತಿಳಿವಳಿಕೆ ಅದರಿಂದ ಬಂತು ಎನ್ನುವುದೂ ನಿಜ, ಲ್ಯಾಬ್‌ನಿಂದ ತಪ್ಪಿಸಿಕೊಂಡರೆ ಗತಿ ಏನು ಎನ್ನುವ ಭಯವೂ ನಿಜ.

ವಲಸೆ ಹಕ್ಕಿಗಳಿಂದಲೇ ಬರುತ್ತದೆ ಅಂತಾರೆ. ನಮ್ಮ ಕೆರೆಗಳಿಗೆ ಬರುವ ಹಕ್ಕಿಗಳೂ ಅಪಾಯವಾ?

2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಎಚ್5ಎನ್1ನಿಂದ ಸತ್ತವು. ಅವುಗಳಲ್ಲಿ ಬಹುಪಾಲು ಪಟ್ಟೆತಲೆ ಹೆಬ್ಬಾತುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವುದು ಇದೇ ಜಾತಿಯ ಹಕ್ಕಿ. ಮೈಸೂರು ಕಡೆಯ ಕೆರೆಗಳಿಗೂ ಬರುತ್ತದೆ. ಹಾಗಾಗಿ ತಜ್ಞರು ಇಂಥ ಕೆರೆಗಳ ದಂಡೆಯಲ್ಲಿ ಹಿಕ್ಕೆಯ ಸ್ಯಾಂಪಲ್ ಎತ್ತುತ್ತಾರೆ. ಹಕ್ಕಿಗಳ ಕೊರಳಿಗೆ ಪಟ್ಟಿ, ಬೆನ್ನಿಗೆ ಸಣ್ಣ ಟ್ರಾನ್ಸ್‌ಮಿಟರ್ ಕಟ್ಟಿ ದಾರಿ ಗುರುತಿಸುತ್ತಾರೆ.

ಹಾಗೆಂದು ಹಕ್ಕಿಗಳನ್ನು ಓಡಿಸಬಾರದು. ಓಡಿಸಿದರೆ ರೋಗ ಇನ್ನೂ ನಾಲ್ಕು ಕೆರೆಗೆ ಹೋಗುತ್ತದೆ. ಜೊತೆಗೆ ಎಲ್ಲ ತಪ್ಪೂ ಹಕ್ಕಿಯದ್ದಲ್ಲ. ಜೀವಂತ ಕೋಳಿ ಸಾಗಿಸುವ ಲಾರಿ, ತೊಳೆಯದ ಪಂಜರ, ಮೊಟ್ಟೆ ಟ್ರೇ, ಚಪ್ಪಲಿ ಇವೂ ವೈರಸ್ಸನ್ನು ಊರಿಂದೂರಿಗೆ ಕರೆದೊಯ್ಯುತ್ತವೆ.

ಕಾಡುಹಕ್ಕಿಯ ದಾರಿ ಎಷ್ಟು ದೂರದ್ದು ಎಂಬುದಕ್ಕೆ 2.3.4.4ಬಿ ಸಾಕ್ಷಿ. 2021ರ ಕೊನೆಗೆ ಅಟ್ಲಾಂಟಿಕ್ ದಾಟಿ ಕೆನಡಾ ಮುಟ್ಟಿತು. ಮರುವರ್ಷ ದಕ್ಷಿಣ ಅಮೆರಿಕ. ಪೆರುವಿನಲ್ಲಿ ಕಡಲಸಿಂಹಗಳು ಸಾವಿರ ಸಾವಿರ ಸತ್ತವು, 2023ರಲ್ಲಿ ಅರ್ಜೆಂಟೀನಾದ ತೀರದಲ್ಲಿ ಆನೆಸೀಲ್ ಮರಿಗಳು ಸತ್ತವು. 2024ರಲ್ಲಿ ಅಂಟಾರ್ಕ್ಟಿಕಾದಲ್ಲೂ ಸಿಕ್ಕಿತು. ಸಸ್ತನಿಯಿಂದ ಸಸ್ತನಿಗೆ ಹಬ್ಬುತ್ತಿದೆಯಾ ಎಂಬ ಪ್ರಶ್ನೆ ಆ ಸೀಲ್‌ಗಳನ್ನು ನೋಡಿದ ಮೇಲೆ ಗಟ್ಟಿಯಾಯಿತು.

ಅಮೆರಿಕದಲ್ಲಿ ಹಸುಗಳಿಗೆ ಬಂದದ್ದು ಹೇಗೆ ಪತ್ತೆಯಾಯಿತು?

ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. 2024ರ ಆರಂಭದಲ್ಲಿ ಟೆಕ್ಸಾಸ್ ಕಡೆಯ ಡೈರಿಗಳಲ್ಲಿ ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಬಂದ ಹಾಲು ಗಿಣ್ಣಿನ ಹಾಗೆ ದಪ್ಪಗೆ, ಹಳದಿಯಾಗಿತ್ತು. ಮಾಮೂಲಿ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಸುಳಿವು ಕೊಟ್ಟದ್ದು ಬೆಕ್ಕು. ಆ ಡೈರಿಗಳಲ್ಲಿ ಹಸಿ ಹಾಲು ಕುಡಿದ ಬೆಕ್ಕುಗಳು ಸಾಯುತ್ತಿದ್ದವು, ಹಕ್ಕಿಗಳೂ ಸತ್ತು ಬಿದ್ದಿದ್ದವು. ಅಲ್ಲಿನ ಪಶುವೈದ್ಯರು ಹಾಲು ಮತ್ತು ಸತ್ತ ಬೆಕ್ಕುಗಳನ್ನು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾಬ್‌ಗೆ ಕಳಿಸಿದರು. ಅಲ್ಲಿ ಎಚ್5 ಸಿಕ್ಕಿತು. ಮಾರ್ಚ್ 25ಕ್ಕೆ ಸರ್ಕಾರ ಪ್ರಕಟಿಸಿತು.

ಆಮೇಲೆ ಜೀನ್ ಓದಿ ಹಿಂದಕ್ಕೆ ಲೆಕ್ಕ ಹಾಕಿದಾಗ ವೈರಸ್ ಹಕ್ಕಿಯಿಂದ ಹಸುವಿಗೆ ದಾಟಿ ಆಗಲೇ ಕೆಲವು ತಿಂಗಳಾಗಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ದುಡ್ಡಿರುವ ದೇಶದ ಕಣ್ಣು ತಪ್ಪಿಸಿ, ತಿಂಗಳುಗಟ್ಟಲೆ! ಹಸುಗಳಲ್ಲಿ ಈ ಫ್ಲೂ ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ವೈರಸ್ ತುಂಬಿಕೊಂಡದ್ದು ಮೂಗಿಗಿಂತ ಕೆಚ್ಚಲಲ್ಲಿ. ಹಾಲು ಕರೆಯುವ ಯಂತ್ರದಿಂದ ಒಂದರಿಂದ ಇನ್ನೊಂದಕ್ಕೆ ಹೋಯಿತು. ಸಾವಿರಕ್ಕೂ ಹೆಚ್ಚು ಹಿಂಡುಗಳಿಗೆ ಹಬ್ಬಿತು. ಆ ವರ್ಷದ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಹಾಲಿನ ಟ್ಯಾಂಕ್‌ಗಳಿಂದಲೇ ಸ್ಯಾಂಪಲ್ ತೆಗೆಯುವ ಕಡ್ಡಾಯ ಪರೀಕ್ಷೆ ಶುರು ಮಾಡಿದರು. ಒಂದೊಂದೇ ಹಸುವನ್ನು ಹಿಡಿಯುವುದಕ್ಕಿಂತ ಇದು ಎಷ್ಟೋ ಸುಲಭ.

ಚರಂಡಿ ನೀರಿನಲ್ಲೂ ಹುಡುಕುತ್ತಾರಂತೆ?

ಹೌದು. ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲೂ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಸ್ಯಾಂಪಲ್ ತೆಗೆದು ಯಾವ ತಳಿ ಹಬ್ಬುತ್ತಿದೆ ಎಂದು ನೋಡುತ್ತಿದ್ದರು. ಯಾರೂ ಆಸ್ಪತ್ರೆಗೆ ಹೋಗದಿದ್ದರೂ ಊರಿನ ಸುದ್ದಿ ಸಿಗುತ್ತದೆ, ಅದು ದೊಡ್ಡ ಲಾಭ. ಆದರೆ ಹಕ್ಕಿ ಜ್ವರದಲ್ಲಿ ಒಂದು ತೊಡಕಿದೆ. ನೀರಿನಲ್ಲಿ ಎಚ್5 ಸಿಕ್ಕರೆ ಅದು ಮನುಷ್ಯರದ್ದೋ, ಚೆಲ್ಲಿದ ಹಾಲಿನದ್ದೋ, ಹಕ್ಕಿಯ ಹಿಕ್ಕೆಯದ್ದೋ ಹೇಳಲಾಗದು.

ತಗುಲಿದವರಲ್ಲಿ ಅರ್ಧ ಜನ ಸಾಯುತ್ತಾರೆ ಎನ್ನುವುದು ನಿಜವಾ?

2003ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 25 ದೇಶಗಳ ಸುಮಾರು 990 ಜನಕ್ಕೆ ಎಚ್5ಎನ್1 ತಗುಲಿದೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತಿದ್ದಾರೆ. ಲೆಕ್ಕ ಸರಿ, ಆದರೆ ಅದು ಲೆಕ್ಕಕ್ಕೆ ಸಿಕ್ಕವರದ್ದು ಮಾತ್ರ. ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರನ್ನೇ ಪರೀಕ್ಷಿಸಿದರೆ ಸಾವಿನ ಪ್ರಮಾಣ ಜಾಸ್ತಿ ಕಾಣುತ್ತದೆ. ಅಮೆರಿಕದ ಮಿಷಿಗನ್, ಕೊಲರಾಡೊಗಳಲ್ಲಿ ಡೈರಿ ಕೆಲಸಗಾರರು 115 ಜನರ ರಕ್ತ ಪರೀಕ್ಷಿಸಿದಾಗ 8 ಜನಕ್ಕೆ ಸೋಂಕು ಬಂದು ಹೋದ ಗುರುತಿತ್ತು. ಅವರಲ್ಲಿ ಅರ್ಧದಷ್ಟು ಜನಕ್ಕೆ ಕಾಯಿಲೆಯಾದ ನೆನಪೇ ಇರಲಿಲ್ಲ. ಕವಲು ಬದಲಾದರೆ ತೀವ್ರತೆಯೂ ಬದಲಾಗುತ್ತದೆ. ಹಾಗಾಗಿ ಒಂದೇ ಶೇಕಡಾವಾರು ಹಿಡಿದು ಹೆದರುವುದೂ ತಪ್ಪು, ಧೈರ್ಯ ಹೇಳುವುದೂ ತಪ್ಪು.

ಭಾರತದಲ್ಲಿ ಮನುಷ್ಯರಿಗೆ ಬಂದಿದೆಯಾ?

ಬೆರಳೆಣಿಕೆಯಷ್ಟು. 2021ರಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ, ದೇಶದ ಮೊದಲ ಸಾವು ಅದು. 2025ರಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಮಗು ತೀರಿಕೊಂಡಿತು. ಪ್ರಾಣಿಗಳಲ್ಲಿ ಎಚ್ಚರಿಕೆ ಕೊಟ್ಟದ್ದು ನಾಗಪುರ: 2024ರ ಕೊನೆಗೆ ಅಲ್ಲಿನ ಗೋರೆವಾಡ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು.

ಯಾವ ತಳಿಗೆ ಲಸಿಕೆ ಮಾಡಬೇಕು ಎಂದು ನಿರ್ಧರಿಸುವುದು ಹೇಗೆ?

ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ತಜ್ಞರು ಕೂತು ಜಗತ್ತಿನಾದ್ಯಂತದ ಸ್ಯಾಂಪಲ್‌ಗಳನ್ನು ನೋಡುತ್ತಾರೆ. ಮಾಮೂಲಿ ಫ್ಲೂ ಲಸಿಕೆಯ ಜೊತೆ ಪ್ರಾಣಿಗಳ ಫ್ಲೂಗೂ ಲಸಿಕೆ ತಯಾರಿಸಲು ಮೂಲವಾಗುವ ಬೀಜ ವೈರಸ್‌ಗಳನ್ನು ಆರಿಸಿ ಸಿದ್ಧವಾಗಿಡುತ್ತಾರೆ. ಹಬ್ಬಲು ಶುರುವಾದರೆ ಕಂಪನಿಗಳು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಅಪಾಯಕ್ಕೆ ಅಂಕ ಕೊಡುವ ಪದ್ಧತಿಯೂ ಇದೆ. ಯಾವ ಜೀವಕೋಶಕ್ಕೆ ಅಂಟುತ್ತದೆ, ಫೆರೆಟ್‌ನಲ್ಲಿ ಹಬ್ಬುತ್ತದಾ, ಜನರಲ್ಲಿ ಪ್ರತಿರೋಧ ಇದೆಯಾ ಎಂದೆಲ್ಲ ಪ್ರಶ್ನೆ ಕೇಳಿ ಅಂಕ ಹಾಕುತ್ತಾರೆ. ಅದು ಭವಿಷ್ಯ ಹೇಳುವುದಿಲ್ಲ. ಇರುವ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು ಎಂದು ಹೇಳುತ್ತದೆ. ಫಿನ್ಲೆಂಡ್ 2024ರಲ್ಲೇ ಪ್ರಾಣಿಗಳ ನಡುವೆ ದುಡಿಯುವವರಿಗೆ ಲಸಿಕೆ ಕೊಡಲು ಶುರು ಮಾಡಿತು.

ದೇಶಗಳು ಮಾಹಿತಿ ಮುಚ್ಚಿಡುವುದಿಲ್ಲವಾ?

ಮುಚ್ಚಿಡುತ್ತವೆ, ಕೆಲವು ಸಲ ಕಾರಣವೂ ಇರುತ್ತದೆ. 2006ರ ಕೊನೆಯ ಹೊತ್ತಿಗೆ ಇಂಡೋನೇಷ್ಯಾ ತನ್ನ ಎಚ್5ಎನ್1 ಸ್ಯಾಂಪಲ್ ಕೊಡುವುದನ್ನು ನಿಲ್ಲಿಸಿತು. ಅಲ್ಲಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ವಾದ ಸರಳ: ವೈರಸ್ ನಮ್ಮ ರೋಗಿಗಳದ್ದು, ಅದರಿಂದ ಕಂಪನಿ ಮಾಡಿದ ಲಸಿಕೆ ಕೊಳ್ಳಲು ನಮ್ಮಲ್ಲೇ ದುಡ್ಡಿಲ್ಲ, ಇದ್ಯಾವ ನ್ಯಾಯ? ಶ್ರೀಮಂತ ದೇಶಗಳು ಸಿಟ್ಟಾದವು, ಆದರೆ ವಾದದಲ್ಲಿ ಹುರುಳಿತ್ತು. ಜಗ್ಗಾಟದ ಕೊನೆಗೆ 2011ರಲ್ಲಿ ಒಂದು ಒಪ್ಪಂದವಾಯಿತು. ಫ್ಲೂ ಸ್ಯಾಂಪಲ್ ಹಂಚಿಕೊಂಡರೆ ಲಸಿಕೆಯಲ್ಲೂ ಪಾಲು ಎಂಬುದು ಅದರ ತಿರುಳು. ಮಾಹಿತಿ ತಡ ಮಾಡುವುದು ಬಡ ದೇಶಗಳಷ್ಟೇ ಅಲ್ಲ. 2024ರಲ್ಲಿ ಅಮೆರಿಕದ ಕೃಷಿ ಇಲಾಖೆ ಹಸುಗಳ ವೈರಸ್ ಜೀನ್ ವಿವರ ಹೊರಬಿಟ್ಟಾಗ ಎಲ್ಲಿಯದು, ಯಾವ ದಿನದ್ದು ಎಂಬುದೇ ಸರಿಯಾಗಿ ಇರಲಿಲ್ಲ. ಹೊರಗಿನ ವಿಜ್ಞಾನಿಗಳು ಗೊಣಗಿದರು, ಸರಿಯಾಗಿಯೇ ಗೊಣಗಿದರು.

ಎಐ ಬಂದಿದೆಯಲ್ಲ, ಮುಂದಿನದನ್ನು ಮೊದಲೇ ಹೇಳಲಾಗದೇ?

ಯಾವ ಬದಲಾವಣೆ ಅಪಾಯ ಎಂದು ಬೇಗ ಸೋಸಲು ಕಂಪ್ಯೂಟರ್ ನೆರವಾಗುತ್ತದೆ. ಎಲ್ಲಿ, ಯಾವಾಗ ಎಂದು ಹೇಳಲಾಗದು. 2009ಕ್ಕೆ ಮೊದಲು ಎಲ್ಲರೂ ಏಷ್ಯಾದ ಕೋಳಿಗಳ ಎಚ್5ಎನ್1 ನೋಡುತ್ತಿದ್ದರು. ಬಂದದ್ದು ಎಚ್1ಎನ್1, ಅದೂ ಮೆಕ್ಸಿಕೊ ಕಡೆಯ ಹಂದಿಗಳಿಂದ.

ಕೋಳಿ, ಮೊಟ್ಟೆ, ಹಾಲು ಬಿಡಬೇಕಾ?

ಬೇಡ. 70 ಡಿಗ್ರಿ ಬಿಸಿ ಒಳಗೆಲ್ಲ ತಲುಪಿದರೆ ವೈರಸ್ ಸಾಯುತ್ತದೆ. ನಮ್ಮ ಸಾರು, ಸುಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ ಕುದಿಯುತ್ತವೆ. ಹಾಲು ಕಾಯಿಸುವ ಅಭ್ಯಾಸ ಇದ್ದೇ ಇದೆ. ಅಮೆರಿಕದಲ್ಲಿ ಅಂಗಡಿ ಹಾಲಿನ ಐದು ಸ್ಯಾಂಪಲ್‌ಗಳಲ್ಲಿ ಸುಮಾರು ಒಂದರಲ್ಲಿ ವೈರಸ್ಸಿನ ಚೂರು ಸಿಕ್ಕಿತ್ತು, ಆದರೆ ಪಾಶ್ಚರೀಕರಿಸಿದ ಆ ಹಾಲಿನಲ್ಲಿ ಜೀವಂತ ವೈರಸ್ ಇರಲಿಲ್ಲ. ಸುತ್ತಮುತ್ತ ಹಕ್ಕಿ ಜ್ವರ ಇದ್ದಾಗ ಹಾಫ್ ಬಾಯ್ಲ್, ಹಸಿ ಮೊಟ್ಟೆ, ಹಸಿ ಹಾಲು ಬಿಡಿ. ತಿನ್ನುವುದಕ್ಕಿಂತ ಕತ್ತರಿಸುವಾಗ ಅಪಾಯ ಜಾಸ್ತಿ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆ ಸೋಪು ಹಾಕಿ ತೊಳೆಯಿರಿ. ಮಕ್ಕಳ ಬಾಯಿಗೆ ಹಸಿ ಚೂರು ಹೋಗದಂತೆ ನೋಡಿಕೊಳ್ಳಿ.

ಕೆರೆಯ ಹತ್ತಿರವೋ ಹಿತ್ತಲಲ್ಲೋ ಹಕ್ಕಿಗಳು ಸತ್ತು ಬಿದ್ದಿದ್ದರೆ?

ಒಂದು ಕಾಗೆ ಸತ್ತರೆ ಗಾಬರಿ ಬೇಡ, ಕರೆಂಟ್ ತಂತಿ ಇರಬಹುದು. ನಾಲ್ಕೈದು ಒಟ್ಟಿಗೆ ಬಿದ್ದಿದ್ದರೆ, ಅಥವಾ ಕೋಳಿಗಳು ಕುತ್ತಿಗೆ ತಿರುಚಿ, ಜುಟ್ಟು ನೀಲಿಯಾಗಿ ದಿಢೀರನೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ನಾಯಿ, ಬೆಕ್ಕು ಹತ್ತಿರ ಹೋಗದಂತೆ ತಡೆಯಿರಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ ಪಶುಪಾಲನಾ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಫೋಟೊ ತೆಗೆದಿಟ್ಟುಕೊಳ್ಳಿ, ಜಾಗ ಗುರುತಿಡಿ. ಮುಂದಿನ ಹತ್ತು ದಿನದಲ್ಲಿ ನಿಮಗೆ ಜ್ವರ, ಕೆಮ್ಮು ಬಂದರೆ ಅಥವಾ ಕಣ್ಣು ಕೆಂಪಾದರೆ, ಸತ್ತ ಹಕ್ಕಿಯ ಹತ್ತಿರ ಹೋಗಿದ್ದೆ ಎಂದು ಡಾಕ್ಟರಿಗೆ ನೀವೇ ಹೇಳಬೇಕು. ಅವರಾಗಿ ಕೇಳುವುದು ಕಡಿಮೆ.